ಮೂರ್ಮೂರ್ಲೆ ಏಳು: ಬೇಕೆಂದೇ ತಪ್ಪುವ ಸರ್ಕ್ಯೂಟುಗಳು

ಚಿತ್ರಗಳನ್ನು ಸಂಸ್ಕರಿಸುವ ಚಿಪ್ಪುಗಳಲ್ಲಿ ವಿದ್ಯುತ್ ಉಳಿಸಲು ಲೆಕ್ಕವನ್ನೇ ಅಂದಾಜಿನಲ್ಲಿ ಮಾಡುವ ಸರ್ಕ್ಯೂಟುಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಪತ್ರಗಳನ್ನು ತುಸು ಮೊಟಕುಗೊಳಿಸಿದೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಮಗ್ಗಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಈಗ ಕೂಡುವುದು, ಗುಣಿಸುವುದನ್ನು ಬೇಕೆಂದೇ ತಪ್ಪಾಗಿ ಮಾಡುವ ಚಿಪ್ಪಿನ ಮೇಲೆ ಮೊಮ್ಮಗಳು ಎಂ.ಟೆಕ್. ಮಾಡುತ್ತಿದ್ದಾಳೆ. ಇದರಲ್ಲಿ ಹುರುಳಿದೆಯೇ?
— ನಿವೃತ್ತ ಗಣಿತ ಶಿಕ್ಷಕರು, ಶಿರಸಿ

ಉತ್ತರ: ಹುರುಳಿದೆ ಮೇಷ್ಟ್ರೇ, ಆದರೆ ಎಲ್ಲ ಕಡೆಗೂ ಅಲ್ಲ. ಬ್ಯಾಂಕಿನ ಲೆಕ್ಕಕ್ಕೆ ಇದನ್ನು ತಂದವರನ್ನು ನೀವು ಈಗಲೂ ಬೆಂಚಿನ ಮೇಲೆ ನಿಲ್ಲಿಸಬಹುದು. ಚಿತ್ರದ ಮಾತು ಬೇರೆ.

ಸಾಮಾನ್ಯ ಕಪ್ಪು-ಬಿಳುಪು ಚಿತ್ರದ ಒಂದು ಪಿಕ್ಸೆಲ್ ಅಂದರೆ 0ಯಿಂದ 255ರ ನಡುವಿನ ಒಂದು ಸಂಖ್ಯೆ. ಆ ಸಂಖ್ಯೆ ಕ್ಯಾಮೆರಾದಿಂದ ಹೊರಬರುವಾಗಲೇ ಪೂರ್ತಿ ನಿಖರವಾಗಿರುವುದಿಲ್ಲ. ಬೆಳಕು ಬಿಡಿಬಿಡಿ ಫೋಟಾನುಗಳಾಗಿ ಬೀಳುವುದರಿಂದ, ಸರಾಸರಿ 10,000 ಫೋಟಾನು ಹಿಡಿಯುವ ಪಿಕ್ಸೆಲ್‌ನಲ್ಲಿ ಪ್ರತಿಸಲವೂ ಸುಮಾರು 100ರಷ್ಟು ಏರಿಳಿತ ಇದ್ದೇ ಇರುತ್ತದೆ. ಅಂದರೆ ಶೇ. 1. ಇಷ್ಟು ಅಲುಗಾಡುವ ಸಂಖ್ಯೆಯ ಕೊನೆಯ ಬಿಟ್ಟನ್ನು ಅಚ್ಚುಕಟ್ಟಾಗಿ ಕೂಡಿಸಲು ಖರ್ಚು ಮಾಡುವ ವಿದ್ಯುತ್ತು ಗದ್ದಲವನ್ನು ಶಿಸ್ತಿನಿಂದ ಲೆಕ್ಕಹಾಕಿದ ಹಾಗೆ.

ಚಿತ್ರಲೋಕಕ್ಕೆ ಇದು ಹೊಸದೂ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಪ್ರಾಧ್ಯಾಪಕರಾದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಇಂದಿನ ಜೆಪೆಗ್ ಚಿತ್ರಗಳ ಬುನಾದಿ. ಜೆಪೆಗ್ ಮಾಡುವುದೂ ಅದನ್ನೇ: 8×8 ಪಿಕ್ಸೆಲ್‌ಗಳ ತುಂಡನ್ನು ಈ ವಿಧಾನದಿಂದ ಬಿಡಿಸಿ, ಕಣ್ಣಿಗೆ ಕಾಣದ ವಿವರವನ್ನು ಒರಟಾಗಿ ದುಂಡಗೆ ಮಾಡಿ ಬಿಸಾಡುವುದು. ಬಿಸಾಡಲಿಕ್ಕೇ ಹೊರಟ ಅಂಕಿಯನ್ನು ಅಷ್ಟು ಕಾಳಜಿಯಿಂದ ಏಕೆ ಕೂಡಬೇಕು ಎಂಬುದೇ ನಿಮ್ಮ ಮೊಮ್ಮಗಳ ಪ್ರಶ್ನೆ.

ಈ ಪ್ರಶ್ನೆಗೆ ಈಗ ಬೆಲೆ ಬಂದದ್ದಕ್ಕೂ ಕಾರಣವಿದೆ. ಟ್ರಾನ್ಸಿಸ್ಟರು ಚಿಕ್ಕದಾದಂತೆಲ್ಲ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತ, ವಿದ್ಯುತ್ ಉಳಿತಾಯ ತಾನಾಗಿ ಒದಗುತ್ತಿತ್ತು. 1974ರಲ್ಲಿ ರಾಬರ್ಟ್ ಡೆನಾರ್ಡ್ ವಿವರಿಸಿದ ಆ ಅನುಕೂಲ 2005-06ರ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಈಗ ಉಳಿತಾಯ ಬೇಕಾದರೆ ಕೆಲಸವನ್ನೇ ಕಡಿಮೆ ಮಾಡಬೇಕು.

ಪ್ರಶ್ನೆ: ಸರ್, ಅಂದಾಜು ಆ್ಯಡರ್ ಒಳಗೆ ನಿಜವಾಗಿ ಏನಾಗುತ್ತದೆ? ಪುಸ್ತಕದಲ್ಲಿ ಬ್ಲಾಕ್ ಚಿತ್ರ ಮಾತ್ರ ಇದೆ. ಒಂದು ಲೆಕ್ಕ ಮಾಡಿ ತೋರಿಸಿ.
— ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ, ಹಾಸನ

ಉತ್ತರ: ಅತಿ ಸರಳವಾದದ್ದನ್ನೇ ತೆಗೆದುಕೊಳ್ಳೋಣ. ಮಹದಿಯಾನಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಇದನ್ನು ಲೋವರ್-ಪಾರ್ಟ್ ಆರ್ ಆ್ಯಡರ್, ಚಿಕ್ಕದಾಗಿ ಎಲ್‌ಒಎ ಎನ್ನುತ್ತಾರೆ. ಮೇಲಿನ ಬಿಟ್ಟುಗಳನ್ನು ಮಾಮೂಲಿ ಆ್ಯಡರ್ ಕೂಡುತ್ತದೆ. ಕೆಳಗಿನ ಬಿಟ್ಟುಗಳಿಗೆ ಬರೀ ಆರ್ ಗೇಟ್.

181 ಮತ್ತು 77 ಕೂಡಬೇಕು. ಬಿಟ್ಟುಗಳಲ್ಲಿ ಬರೆದರೆ 1011 0101 ಮತ್ತು 0100 1101. ಮೇಲಿನ ನಾಲ್ಕು ಬಿಟ್ಟು: 1011 ಮತ್ತು 0100 ಸೇರಿ 1111. ಕೆಳಗಿನ ನಾಲ್ಕಕ್ಕೆ ಆರ್: 0101 ಮತ್ತು 1101 ಸೇರಿ 1101. ಉತ್ತರ 1111 1101, ಅಂದರೆ 253. ಸರಿಯುತ್ತರ 258. ಐದು ಕಡಿಮೆ ಬಂತು.

ಐದೇ ಏಕೆ? ಎರಡೂ ಕಡೆ 1 ಇರುವ ಜಾಗದಲ್ಲಿ ಕೂಡಿದರೆ 2 ಬರಬೇಕು, ಆರ್ ಗೇಟು 1 ಕೊಟ್ಟು ಸುಮ್ಮನಾಗುತ್ತದೆ. ಇಲ್ಲಿ ಎರಡೂ ಕಡೆ 1 ಇರುವ ಜಾಗಗಳು 0101, ಅಂದರೆ 5. ಅಷ್ಟೂ ಬಿಟ್ಟುಹೋಯಿತು. ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ಕೆಳಗಿನ ನಾಲ್ಕು ಬಿಟ್ಟುಗಳಲ್ಲಿ ಫುಲ್ ಆ್ಯಡರೇ ಇಲ್ಲ, ಕ್ಯಾರಿ ಒಂದರಿಂದ ಇನ್ನೊಂದಕ್ಕೆ ಓಡುವುದೂ ಇಲ್ಲ. ಕ್ಯಾರಿಯ ಓಟ ಚಿಕ್ಕದಾದರೆ ಸರ್ಕ್ಯೂಟು ಬೇಗ ಮುಗಿಸುತ್ತದೆ. ಆ ಬಿಡುವನ್ನು ವೋಲ್ಟೇಜ್ ಇಳಿಸಲು ಬಳಸಬಹುದು. ಚಿಪ್ಪಿನ ಸ್ವಿಚಿಂಗ್ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ತುಸು ಇಳಿಸಿದರೂ ಲಾಭ ಚೆನ್ನಾಗಿದೆ.

ಮೂಲ ಎಲ್‌ಒಎಯಲ್ಲಿ ಇನ್ನೊಂದು ಪುಟ್ಟ ಆ್ಯಂಡ್ ಗೇಟ್ ಇದೆ. ಕೆಳಭಾಗದ ಅತಿ ಮೇಲಿನ ಬಿಟ್ಟು ಎರಡರಲ್ಲೂ 1 ಆಗಿದ್ದರೆ ಅದು ಮೇಲ್ಭಾಗಕ್ಕೆ ಒಂದು ಕ್ಯಾರಿ ಕಳಿಸುತ್ತದೆ. ಇದು ಅಲಂಕಾರಕ್ಕಿಟ್ಟದ್ದಲ್ಲ. ನಾಲ್ಕು ಬಿಟ್ಟುಗಳೂ ಯಾದೃಚ್ಛಿಕ ಎಂದು ಭಾವಿಸಿ ಲೆಕ್ಕ ಹಾಕಿ: ಆ್ಯಂಡ್ ಇಲ್ಲದಿದ್ದರೆ ಉತ್ತರ ಸರಾಸರಿ 3.75 ಕಡಿಮೆ ಬರುತ್ತದೆ. ಆ್ಯಂಡ್ ಇದ್ದರೆ ಸರಾಸರಿ 0.25 ಹೆಚ್ಚು, ಅಷ್ಟೇ. ಒಂದು ಗೇಟು ತಪ್ಪನ್ನು ಅಳಿಸಲಿಲ್ಲ, ಸೊನ್ನೆಯ ಎರಡೂ ಕಡೆಗೆ ಹಂಚಿತು. ಈ ವ್ಯತ್ಯಾಸದ ಬೆಲೆ ಮುಂದಿನ ಪತ್ರ ಓದಿದರೆ ತಿಳಿಯುತ್ತದೆ.

ಪ್ರಶ್ನೆ: ನಾನು ಬಳಸಿದ ಆ್ಯಡರ್‌ನಲ್ಲಿ ಕೆಳಗಿನ 4 ಬಿಟ್ಟಿಗೆ ಆರ್ ಗೇಟ್ ಮಾತ್ರ, ಆ್ಯಂಡ್ ಇಲ್ಲ. ಬಿಡಿಯಾಗಿ ಪರೀಕ್ಷಿಸಿದಾಗ ಸರಾಸರಿ ತಪ್ಪು ನಾಲ್ಕಕ್ಕಿಂತ ಕಡಿಮೆ. ಆದರೆ 3×3 ಸರಾಸರಿ ಫಿಲ್ಟರಿಗೆ ಹಾಕಿದೊಡನೆ ಚಿತ್ರ ಮಂಕಾಯಿತು, ಗುಣಮಟ್ಟದ ಅಳತೆಯಾದ ಪಿಎಸ್‌ಎನ್‌ಆರ್ 33 ಡೆಸಿಬೆಲ್‌ನ ಆಸುಪಾಸಿಗೆ ಇಳಿಯಿತು, ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುತ್ತಿದೆ. ಕೋಡ್‌ನಲ್ಲಿ ತಪ್ಪು ಹುಡುಕಿ ಸಾಕಾಯಿತು.
— ಎಂ.ಟೆಕ್. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೋಡ್ ಸರಿಯಾಗಿಯೇ ಇದೆ. ಕಾಗದ, ಪೆನ್ನು ತೆಗೆದುಕೊಳ್ಳಿ.

ಒಂದು ಪಿಕ್ಸೆಲ್‌ನ ಕೆಳಗಿನ ನಾಲ್ಕು ಬಿಟ್ಟಿನ ಬೆಲೆ 0ಯಿಂದ 15, ಸರಾಸರಿ 7.5. ಒಂಬತ್ತು ಪಿಕ್ಸೆಲ್ ಕೂಡಿದರೆ ಕೆಳಭಾಗಗಳಿಂದಲೇ ಸರಾಸರಿ 67.5 ಬರಬೇಕು. ಆದರೆ ಆರ್ ಗೇಟಿನಲ್ಲಿ ಒಮ್ಮೆ 1 ಆದ ಬಿಟ್ಟು ಮತ್ತೆ 0 ಆಗುವುದಿಲ್ಲ. ಒಂಬತ್ತು ಸಂಖ್ಯೆ ಹಾಯುವಷ್ಟರಲ್ಲಿ ಕೆಳಭಾಗ ಬಹುಪಾಲು 1111 ಆಗಿ ಅಂಟಿಕೊಂಡಿರುತ್ತದೆ. ಅದರ ಗರಿಷ್ಠ ಬೆಲೆಯೇ 15. ಹೀಗೆ ಸುಮಾರು 52 ಸೋರಿಹೋಯಿತು. ಒಂಬತ್ತರಿಂದ ಭಾಗಿಸಿದರೆ ಪ್ರತಿ ಪಿಕ್ಸೆಲ್ಲೂ ಸುಮಾರು 6 ಮಟ್ಟ ಕಪ್ಪಾಗುತ್ತದೆ. ಇಡೀ ಚಿತ್ರ 6 ಮಟ್ಟ ಇಳಿದರೆ ಪಿಎಸ್‌ಎನ್‌ಆರ್ 33ರ ಆಸುಪಾಸಿಗೇ ಬರುತ್ತದೆ. ಬಿಡಿ ಆ್ಯಡರಿನ ಸರಾಸರಿ ತಪ್ಪು ಸರಪಳಿಯಲ್ಲಿ ಹಾಗೇ ಉಳಿಯುತ್ತದೆ ಎಂದು ನಂಬಿದ್ದೇ ಎಡವಟ್ಟು. ಮೊದಲ ಕೂಡಿಕೆಯಲ್ಲಿ ಕಳೆದದ್ದು 3.75. ಕೊನೆಕೊನೆಗೆ ಒಂದೊಂದು ಕೂಡಿಕೆಯಲ್ಲೂ 7.5ರ ಹತ್ತಿರ ಕಳೆಯುತ್ತದೆ.

ಪರಿಹಾರ ಹೊಳೆಯುತ್ತಿರಬೇಕು: ಕೊನೆಯಲ್ಲಿ 52 ಸೇರಿಸಿಬಿಡುವುದು. ಒಂದು ಸ್ಥಿರಾಂಕ ಕೂಡಲು ಹೆಚ್ಚು ಖರ್ಚಿಲ್ಲ. ಕೆಳಬಿಟ್ಟುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರುವ ಕಡೆ, ಅಂದರೆ ಹುಲ್ಲು, ಎಲೆ, ಮರಳಿನಂಥ ಒರಟು ಜಾಗಗಳಲ್ಲಿ ಉಳಿಯುವ ತಪ್ಪು ಒಂದೂವರೆ ಮಟ್ಟದಷ್ಟು. ಪಿಎಸ್‌ಎನ್‌ಆರ್ 44ರವರೆಗೆ ಏರುತ್ತದೆ.

ಆಕಾಶದ ಪಟ್ಟೆ ಮಾತ್ರ ಇದರಿಂದ ಹೋಗುವುದಿಲ್ಲ. ಅಲ್ಲಿ ಅಕ್ಕಪಕ್ಕದ ಒಂಬತ್ತೂ ಪಿಕ್ಸೆಲ್ ಒಂದೇ ಬೆಲೆಯವು. ಕೆಳಭಾಗ 3 ಆಗಿದ್ದರೆ ಆರ್ ಫಲಿತಾಂಶವೂ 3, ಬರಬೇಕಾದದ್ದು 27. ಕೆಳಭಾಗ 15 ಆಗಿದ್ದರೆ ಬರುವುದು 15, ಬರಬೇಕಾದದ್ದು 135. ಆಕಾಶದ ಬಣ್ಣ ನಿಧಾನವಾಗಿ ಏರುತ್ತ ಹೋದಂತೆ ತಪ್ಪೂ ಏರುತ್ತ ಹೋಗಿ, ಪ್ರತಿ 16 ಮಟ್ಟಕ್ಕೊಮ್ಮೆ ದಢಕ್ಕನೆ ಸೊನ್ನೆಗೆ ಮರಳುತ್ತದೆ. ಆ ಮೆಟ್ಟಿಲೇ ನಿಮಗೆ ಕಾಣುವ ಪಟ್ಟೆ. ಅದಕ್ಕೆ ಸರಳ ಮದ್ದೆಂದರೆ ನಾಲ್ಕರ ಬದಲು ಎರಡು ಬಿಟ್ಟು ಮಾತ್ರ ಸಡಿಲಬಿಡುವುದು. ಆಗ ಸ್ಥಿರಾಂಕ 10.5ರ ಹತ್ತಿರ ಬರುತ್ತದೆ, ಸಪಾಟು ಜಾಗದಲ್ಲೂ ತಪ್ಪು ಒಂದೂವರೆ ಮಟ್ಟ ದಾಟುವುದಿಲ್ಲ.

ಇನ್ನೊಂದು ಮಾತು. ಒರಟು ಜಾಗದಲ್ಲಿ ಆರ್ ಗೇಟುಗಳ ಉತ್ತರ ಹೇಗಿದ್ದರೂ 1111 ಎಂದು ಮೊದಲೇ ಗೊತ್ತಿದ್ದರೆ ಆ ಗೇಟುಗಳಾದರೂ ಏಕೆ ಬೇಕು? ಕೆಳಬಿಟ್ಟುಗಳನ್ನು ಪೂರ್ತಿ ಕತ್ತರಿಸಿ ಸ್ಥಿರಾಂಕ ಸೇರಿಸಿ ನೋಡಿ. ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ನಿಮ್ಮ ಆ್ಯಡರ್ ಇಲ್ಲಿ ತನ್ನ ಖರ್ಚು ದುಡಿಯುತ್ತಿಲ್ಲ ಎಂದೇ ಅರ್ಥ.

ಪ್ರಶ್ನೆ: ಎರಡು ಚಿತ್ರಗಳನ್ನು ಗುಣಿಸಿ ಬೆರೆಸುವ ಪ್ರಯೋಗದಲ್ಲಿ ಅಂದಾಜು ಮಲ್ಟಿಪ್ಲೈಯರ್ ಬಳಸಿದೆವು. ಸರಾಸರಿ ತಪ್ಪು ಶೇ. 3ರ ಹತ್ತಿರ ಎಂದು ಓದಿದ್ದೆವು. ಅಚ್ಚ ಬಿಳಿ ಇರಬೇಕಾದಲ್ಲಿ ಬೂದಿ ಬಣ್ಣ ಬಂದಿದೆ. ಏಕೆ?
— ಎಲೆಕ್ಟ್ರಾನಿಕ್ಸ್ ವಿಭಾಗದ ವಿದ್ಯಾರ್ಥಿಗಳು, ಮೈಸೂರು

ಉತ್ತರ: ನೀವು ಹೆಸರು ಬರೆಯದಿದ್ದರೂ ಲಕ್ಷಣ ನೋಡಿದರೆ ಅದು ಕುಲಕರ್ಣಿ, ಗುಪ್ತ, ಎರ್ಸೆಗೊವಾಕ್ 2011ರಲ್ಲಿ ಪ್ರಕಟಿಸಿದ ಮಲ್ಟಿಪ್ಲೈಯರ್ ಇರಬೇಕು. ಅದರ ಜಾಣತನ ಇಷ್ಟೇ: ಎರಡೆರಡು ಬಿಟ್ಟಿನ ಸಂಖ್ಯೆಗಳನ್ನು ಗುಣಿಸುವಾಗ 16 ಸಂದರ್ಭಗಳು ಬರುತ್ತವೆ. ಅವುಗಳಲ್ಲಿ ನಾಲ್ಕನೇ ಬಿಟ್ಟು ಬೇಕಾಗುವುದು 3×3 = 9 ಎಂಬ ಒಂದಕ್ಕೆ ಮಾತ್ರ. ಆ ಒಂದನ್ನು ‘ಮೂರ್ಮೂರ್ಲೆ ಏಳು’ ಎಂದುಬಿಟ್ಟರೆ ಮೂರೇ ಬಿಟ್ಟು ಸಾಕು, ಸರ್ಕ್ಯೂಟು ತುಂಬ ಚಿಕ್ಕದಾಗುತ್ತದೆ. ಉಳಿದ 15 ಮಗ್ಗಿಯೂ ಸರಿ. ಇಂಥ 16 ತುಂಡು ಜೋಡಿಸಿದರೆ 8×8 ಬಿಟ್ಟಿನ ಮಲ್ಟಿಪ್ಲೈಯರ್.

ಈಗ ಅಚ್ಚ ಬಿಳಿಯನ್ನು ನೋಡಿ. 255 ಅಂದರೆ ಎಂಟೂ ಬಿಟ್ಟು 1, ನಾಲ್ಕು ಜೋಡಿಯೂ 3. 255×255 ಗುಣಿಸುವಾಗ 16 ತುಂಡಿನಲ್ಲೂ 3×3 ಬರುತ್ತದೆ, 16 ತುಂಡೂ ತಪ್ಪುತ್ತದೆ. 65,025ರ ಬದಲು 50,575. ಮತ್ತೆ 255ರಿಂದ ಭಾಗಿಸಿದರೆ 198. ಬಿಳಿ ಅಂಗಿ ಬೂದಿಯಾಗಲು ಇಷ್ಟು ಸಾಕು. ಎಲ್ಲ ಸಂಖ್ಯೆಗಳ ಮೇಲೆ ಸರಾಸರಿ ತೆಗೆದರೆ ತಪ್ಪು ಸಣ್ಣದು. ಆದರೆ ನಿಮ್ಮ ಚಿತ್ರದ ಪಿಕ್ಸೆಲ್ಲುಗಳು ಸರಾಸರಿಯಂತೆ ಹರಡಿಲ್ಲ, ಬಿಳಿಯ ಬಳಿ ಗುಂಪಾಗಿವೆ.

ಪಕ್ಕದಲ್ಲಿ ಇನ್ನೊಂದು ಹಳೆಯ ಉಪಾಯ ಇಟ್ಟು ನೋಡಿ. ಜಾನ್ ಮಿಚೆಲ್ 1962ರಲ್ಲಿ ಸೂಚಿಸಿದ ಲಾಗರಿದಮ್ ವಿಧಾನ. ಗುಣಿಸುವ ಬದಲು ಎರಡರ ಲಾಗರಿದಮ್ ಕೂಡಿ ಹಿಂದಕ್ಕೆ ತಿರುಗಿಸುವುದು, ಲಾಗರಿದಮ್ಮಿನ ವಕ್ರರೇಖೆಯ ಜಾಗದಲ್ಲಿ ನೇರರೇಖೆ ಎಳೆದುಬಿಡುವುದು. ಇಲ್ಲಿ ಮೂರ್ಮೂರ್ಲೆ ಎಂಟು. ಗರಿಷ್ಠ ತಪ್ಪು ಶೇ. 11.1, ಅದೂ ಯಾವಾಗಲೂ ಕಡಿಮೆಯ ಕಡೆಗೇ. ಆದರೆ 255×255ಕ್ಕೆ ಇದು ಕೊಡುವ ಉತ್ತರ 65,024. ಒಂದೇ ಒಂದು ಕಡಿಮೆ! ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಇದು ಸೋಲುವುದು ಬೇರೆ ಕಡೆ: 192×192ರಲ್ಲಿ 36,864ರ ಬದಲು 32,768 ಬಂದು ನಡುಬಣ್ಣ ಕಪ್ಪಾಗುತ್ತದೆ.

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಸುಮ್ಮನೆ ಕೇಳಿದರೆ ಉತ್ತರವಿಲ್ಲ. ನಿಮ್ಮ ಚಿತ್ರಗಳ ಹಿಸ್ಟೋಗ್ರಾಮ್ ಬರೆಯಿರಿ, ಪ್ರತಿ ಮಲ್ಟಿಪ್ಲೈಯರಿನ ತಪ್ಪನ್ನು ಅದರ ಮೇಲೆ ಹರಡಿ ನೋಡಿ. ತಪ್ಪು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಬೀಳುತ್ತದೆ ಎನ್ನುವುದೇ ಇಲ್ಲಿ ಮುಖ್ಯ.

ಪ್ರಶ್ನೆ: ಪ್ರಬಂಧಗಳಲ್ಲಿ ಮಲ್ಟಿಪ್ಲೈಯರಿನ ವಿದ್ಯುತ್ ಅರ್ಧಕ್ಕರ್ಧ ಇಳಿಯಿತು ಎನ್ನುತ್ತಾರೆ. ನಾವು ಇಡೀ ಇಮೇಜ್ ಬ್ಲಾಕ್‌ನ ಲೆಕ್ಕ ತೆಗೆದರೆ ಉಳಿತಾಯ ಕಣ್ಣಿಗೇ ಬೀಳುವುದಿಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆ?
— ಚಿಪ್ ವಿನ್ಯಾಸಕರು, ಬೆಂಗಳೂರು

ಉತ್ತರ: ಯಾರೂ ಅಲ್ಲ. ಅವರು ಮಲ್ಟಿಪ್ಲೈಯರ್ ಅಳೆದರು, ನೀವು ಮೆಮೊರಿಯನ್ನೂ ಸೇರಿಸಿ ಅಳೆದಿರಿ.

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ 45 ನ್ಯಾನೊಮೀಟರ್ ತಂತ್ರಜ್ಞಾನದ ಅಂಕಿಗಳನ್ನು ಎಲ್ಲರೂ ಬಳಸುತ್ತಾರೆ, ನಾವೂ ಬಳಸೋಣ. 8 ಬಿಟ್ ಕೂಡಲು 0.03 ಪಿಕೋಜೂಲ್, 32 ಬಿಟ್ ಕೂಡಲು 0.1. 8 ಬಿಟ್ ಗುಣಿಸಲು 0.2, 32 ಬಿಟ್ ಗುಣಿಸಲು 3.1. ಹೊರಗಿನ ಡಿರ್ಯಾಮ್‌ನಿಂದ 64 ಬಿಟ್ ತರಲು ಮಾತ್ರ 1,300ರಿಂದ 2,600 ಪಿಕೋಜೂಲ್.

1.2 ಕೋಟಿ ಪಿಕ್ಸೆಲ್ಲಿನ ಕಪ್ಪು-ಬಿಳುಪು ಚಿತ್ರಕ್ಕೆ 3×3 ಫಿಲ್ಟರ್ ಹಾಕೋಣ. ಗುಣಾಕಾರಗಳು 10.8 ಕೋಟಿ, ಅದಕ್ಕೆ ಸುಮಾರು 22 ಮೈಕ್ರೋಜೂಲ್. ಕೂಡುವುದಕ್ಕೆ ಹತ್ತರೊಳಗೆ ಸಾಕು. ಪ್ರತಿ ಪಿಕ್ಸೆಲ್ಲನ್ನು ಒಂದೇ ಸಲ ಓದಿದರೂ ಡಿರ್ಯಾಮ್‌ಗೆ 15 ಲಕ್ಷ ಸಲ ಹೋಗಬೇಕು. ಅದಕ್ಕೆ ಕಡಿಮೆಯೆಂದರೂ 1,950 ಮೈಕ್ರೋಜೂಲ್. ಲೆಕ್ಕದ ಖರ್ಚನ್ನು ಪೂರ್ತಿ ಸೊನ್ನೆ ಮಾಡಿದರೂ ಒಟ್ಟು ಉಳಿತಾಯ ಶೇ. 2ರೊಳಗೇ.

ಹಾಗಾದರೆ ಅಂದಾಜು ಸರ್ಕ್ಯೂಟಿಗೆ ಜಾಗ ಎಲ್ಲಿ? ಒಮ್ಮೆ ತಂದ ಪಿಕ್ಸೆಲ್ ಮೇಲೆ ನೂರಾರು ಲೆಕ್ಕ ನಡೆಯುವಲ್ಲಿ: ನ್ಯೂರಲ್ ಜಾಲಗಳ ಕನ್ವಲ್ಯೂಷನ್ ಪದರಗಳು, ದೊಡ್ಡ ಫಿಲ್ಟರುಗಳು, ಡಿರ್ಯಾಮ್ ಮುಟ್ಟದೆ ಸೆನ್ಸರಿನ ಪಕ್ಕದಲ್ಲೇ ಕೆಲಸ ಮುಗಿಸುವ ಪುಟ್ಟ ಚಿಪ್ಪುಗಳು. ನಿಮ್ಮ ಬ್ಲಾಕ್ ಅಂಥದ್ದಲ್ಲದಿದ್ದರೆ ಮೊದಲು ಓದಿದ ಸಾಲುಗಳನ್ನು ಚಿಪ್ಪಿನೊಳಗೇ ಹಿಡಿದಿಡುವ ಲೈನ್ ಬಫರ್ ಸರಿಮಾಡಿ, ಮಲ್ಟಿಪ್ಲೈಯರಿಗೆ ಆಮೇಲೆ ಕೈಹಾಕಿ.

ಎಷ್ಟೋ ಸಲ ಮಲ್ಟಿಪ್ಲೈಯರೇ ಬೇಕಿರುವುದಿಲ್ಲ. 1-2-1, 2-4-2, 1-2-1 ಎಂಬ ಗಾಸಿಯನ್ ಫಿಲ್ಟರಿನಲ್ಲಿ ಇರುವುದೆಲ್ಲ ಎರಡರ ಘಾತಗಳು. ಕೊನೆಗೆ 16ರಿಂದ ಭಾಗಿಸುವುದೂ ಬಿಟ್ಟು ಸರಿಸುವ ಕೆಲಸವೇ. ಸೋಬೆಲ್ ಅಂಚು ಹುಡುಕುವಾಗ ವರ್ಗಮೂಲದ ಬದಲು ಎರಡು ನಿರಪೇಕ್ಷ ಬೆಲೆಗಳನ್ನು ಕೂಡಿಬಿಡುವುದು ದಶಕಗಳ ರೂಢಿ. ಅಂದಾಜು ಲೆಕ್ಕ ಎಂಬ ಹೆಸರಿಲ್ಲದೆಯೇ ನಮ್ಮವರು ಇದನ್ನು ಮಾಡುತ್ತ ಬಂದಿದ್ದಾರೆ.

ಪ್ರಶ್ನೆ: ಎಫ್‌ಪಿಜಿಎ ಬೋರ್ಡಿನಲ್ಲಿ ಎಲ್‌ಒಎ ಹಾಕಿದೆ. ಎಲ್‌ಯುಟಿ ಸಂಖ್ಯೆ ಒಂದೂ ಇಳಿಯಲಿಲ್ಲ, ಪವರ್ ವರದಿಯೂ ಹಾಗೇ ಇದೆ. ಗೈಡ್ ಒಪ್ಪುತ್ತಿಲ್ಲ.
— ಅಂತಿಮ ವರ್ಷದ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಗೈಡ್ ಅವರಿಗೆ ಈ ಉತ್ತರ ತೋರಿಸಿ. ಎಫ್‌ಪಿಜಿಎಯಲ್ಲಿ ಗೇಟುಗಳಿಲ್ಲ, ಎಲ್‌ಯುಟಿಗಳಿವೆ, ಅಂದರೆ ಉತ್ತರಗಳನ್ನು ಮೊದಲೇ ಬರೆದಿಟ್ಟ ಪುಟ್ಟ ಪಟ್ಟಿಗಳು. ಅವುಗಳ ಪಕ್ಕದಲ್ಲೇ ಕ್ಯಾರಿಗೆಂದು ವೇಗದ ತಂತಿಯನ್ನು ಕಂಪನಿಯವರೇ ಹಾಕಿಟ್ಟಿರುತ್ತಾರೆ. ನಿಖರವಾಗಿ ಕೂಡಲು ಒಂದು ಬಿಟ್ಟಿಗೆ ಒಂದು ಎಲ್‌ಯುಟಿ ಬೇಕು. ಆರ್ ಗೇಟಿಗೂ ಸಾಮಾನ್ಯವಾಗಿ ಒಂದು ಎಲ್‌ಯುಟಿಯೇ ಹೋಗುತ್ತದೆ. ಉಳಿದದ್ದೇನೂ ಇಲ್ಲ. ಮಲ್ಟಿಪ್ಲೈಯರ್ ಕಥೆ ಇನ್ನೂ ಕಷ್ಟದ್ದು: ಸಿದ್ಧವಾಗಿ ಕೂತಿರುವ ಡಿಎಸ್‌ಪಿ ಬ್ಲಾಕ್ ಬಿಟ್ಟು ಎಲ್‌ಯುಟಿಗಳಲ್ಲಿ ಅಂದಾಜು ಮಲ್ಟಿಪ್ಲೈಯರ್ ಕಟ್ಟಿದರೆ ಖರ್ಚು ಏರಿದರೂ ಏರೀತು. ಪ್ರಬಂಧಗಳಲ್ಲಿ ಕಾಣುವ ಹೆಚ್ಚಿನ ಅಂಕಿಗಳು ಎಎಸ್‌ಐಸಿಗೆ, ಅಂದರೆ ಒಂದೇ ಕೆಲಸಕ್ಕೆಂದು ಮಾಡಿದ ಚಿಪ್ಪಿಗೆ, ಸಂಬಂಧಿಸಿದವು. ಎಫ್‌ಪಿಜಿಎಗೇ ಹೊಂದುವಂತೆ, ಎಲ್‌ಯುಟಿಯ ಒಳಗನ್ನು ನೋಡಿಕೊಂಡು ಮಾಡಿದ ವಿನ್ಯಾಸಗಳು ಬೇರೆ ಇವೆ. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡದ ಕೆಲಸವನ್ನು ಹುಡುಕಿ ಓದಿ.

ಪವರ್ ವರದಿ ಬದಲಾಗದಿರುವುದಕ್ಕೆ ಇನ್ನೊಂದು ಕಾರಣ ಇರಬಹುದು. ನೀವು ಚಿತ್ರವನ್ನು ಕೊಡದೆ ವರದಿ ತೆಗೆದರೆ ವಿವಾಡೊ ಟೂಲ್ ಸಿಗ್ನಲ್ಲುಗಳು ಶೇ. 12.5ರಷ್ಟು ಬದಲಾಗುತ್ತವೆ ಎಂದು ತಾನೇ ಊಹಿಸಿಕೊಳ್ಳುತ್ತದೆ. ನಿಜವಾದ ಚಿತ್ರದ ಪಿಕ್ಸೆಲ್ಲುಗಳನ್ನು ಸಿಮ್ಯುಲೇಷನ್‌ನಲ್ಲಿ ಹಾಯಿಸಿ, ಸಿಗ್ನಲ್ಲುಗಳ ಏರಿಳಿತವನ್ನು ಫೈಲಿಗೆ ಬರೆಸಿ, ಅದನ್ನು ಕೊಟ್ಟು ವರದಿ ತೆಗೆಯಿರಿ.

ಪ್ರಶ್ನೆ: ವಿಡಿಯೊ ಎನ್‌ಕೋಡರ್‌ನಲ್ಲಿ ಅಂದಾಜು ಸರ್ಕ್ಯೂಟನ್ನು ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು?
— ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಹಾಕಬೇಕಾದ ಜಾಗ ಮೋಷನ್ ಎಸ್ಟಿಮೇಷನ್. ಹಿಂದಿನ ಫ್ರೇಮಿನ ಯಾವ ತುಂಡು ಈಗಿನ ತುಂಡನ್ನು ಹೋಲುತ್ತದೆ ಎಂದು ಹುಡುಕಲು ಪಿಕ್ಸೆಲ್ ವ್ಯತ್ಯಾಸಗಳನ್ನು ಕೂಡಿ ಕೂಡಿ ಹೋಲಿಸುತ್ತೇವೆ. ಲೆಕ್ಕದ ರಾಶಿಯೇ ಅಲ್ಲಿದೆ. ಕೂಡಿಕೆ ತಪ್ಪಿ ಎರಡನೇ ಉತ್ತಮ ತುಂಡು ಆರಿಸಿಕೊಂಡರೂ ಉಳಿಕೆ ವ್ಯತ್ಯಾಸವನ್ನು ಎನ್‌ಕೋಡರ್ ಹೇಗೂ ಬರೆದಿಡುತ್ತದೆ. ನಷ್ಟ ಕೆಲವು ಬಿಟ್ಟುಗಳದ್ದು ಮಾತ್ರ.

ಹಾಕಬಾರದ್ದು ಫ್ರೇಮನ್ನು ಮರಳಿ ಕಟ್ಟುವ ಸುತ್ತಿನಲ್ಲಿ. ಅಲ್ಲಿ ಎನ್‌ಕೋಡರ್ ಒಂದು ಲೆಕ್ಕ, ನೋಡುವವರ ಮನೆಯ ಡಿಕೋಡರ್ ಇನ್ನೊಂದು ಲೆಕ್ಕ ಮಾಡಿದರೆ ಇಬ್ಬರ ಫ್ರೇಮೂ ಬೇರೆಯಾಗಿ, ಮುಂದಿನ ಫ್ರೇಮ್ ಅದರ ಮೇಲೆ ನಿಂತು, ತಪ್ಪು ಫ್ರೇಮಿನಿಂದ ಫ್ರೇಮಿಗೆ ಬೆಳೆಯುತ್ತದೆ. ಹಿಂದಿನ ಫ್ರೇಮನ್ನು ನೆಚ್ಚದ ಹೊಸ ಐ-ಫ್ರೇಮ್ ಬರುವವರೆಗೂ ಅದು ನಿಲ್ಲದು. ಹಫ್‌ಮನ್‌ನಂಥ ಎಂಟ್ರೊಪಿ ಕೋಡಿಂಗ್, ಮೆಮೊರಿ ವಿಳಾಸದ ಲೆಕ್ಕ, ಲೂಪಿನ ಎಣಿಕೆ, ಇವುಗಳ ಹತ್ತಿರಕ್ಕೂ ಸುಳಿಯಬಾರದು. ಅಲ್ಲಿ ಒಂದು ಬಿಟ್ಟು ತಪ್ಪಿದರೆ ಚಿತ್ರ ಮಂಕಾಗುವುದಲ್ಲ, ಚಿತ್ರವೇ ಇರುವುದಿಲ್ಲ.

ಪ್ರಶ್ನೆ: ಎಕ್ಸ್-ರೇ, ಸಿಟಿ ಯಂತ್ರಗಳಲ್ಲೂ ಇಂಥ ಚಿಪ್ ಬಂದರೆ ರೋಗಿಗಳ ಗತಿ ಏನು? ಗುಣಮಟ್ಟ ಚೆನ್ನಾಗಿದೆ ಎಂದು ಪಿಎಸ್‌ಎನ್‌ಆರ್ ತೋರಿಸಿದರೆ ನಂಬಬಹುದೇ?
— ರೇಡಿಯಾಲಜಿ ತಂತ್ರಜ್ಞೆ, ಉಡುಪಿ

ಉತ್ತರ: ಪಿಎಸ್‌ಎನ್‌ಆರ್ ಒಂದನ್ನೇ ನಂಬಬೇಡಿ ಮೇಡಂ. ಒಂದು ಲೆಕ್ಕ ಕೊಡುತ್ತೇನೆ. 2000×2000 ಪಿಕ್ಸೆಲ್ಲಿನ 8 ಬಿಟ್ ಚಿತ್ರ. ಅದರಲ್ಲಿ 10×10 ಪಿಕ್ಸೆಲ್ಲಿನ ಒಂದು ಗಂಟು, ಸುತ್ತಲಿಗಿಂತ 40 ಮಟ್ಟ ಬಿಳಿ. ಸರ್ಕ್ಯೂಟಿನ ತಪ್ಪಿನಿಂದ ಆ ಗಂಟು ಪೂರ್ತಿ ಅಳಿಸಿಹೋಯಿತು, ಉಳಿದ ಚಿತ್ರ ಅಕ್ಷರಶಃ ಸರಿಯಿದೆ ಎನ್ನಿ. ಪಿಎಸ್‌ಎನ್‌ಆರ್ ಎಷ್ಟು ಬರುತ್ತದೆ ಗೊತ್ತೇ? 62 ಡೆಸಿಬೆಲ್! 40 ಬಂದರೇ ಅತ್ಯುತ್ತಮ ಎನ್ನುವ ರಂಗದಲ್ಲಿ 62. ಏಕೆಂದರೆ ಅದು 40 ಲಕ್ಷ ಪಿಕ್ಸೆಲ್ಲುಗಳ ಮೇಲಿನ ಸರಾಸರಿ. ವೈದ್ಯರು ನೋಡುವುದು ಆ ನೂರನ್ನು.

ಸಿಟಿಯಲ್ಲಿ ಪಿಕ್ಸೆಲ್ಲಿನ ಬೆಲೆಯೇ ಅಳತೆ. ನೀರು 0, ಗಾಳಿ ಮೈನಸ್ 1000 ಎಂಬ ಹೌನ್ಸ್‌ಫೀಲ್ಡ್ ಅಂಕಿಯ ಮೇಲೆ ರೋಗನಿರ್ಣಯ ನಿಂತಿರುವಾಗ ಅಂದಾಜಿಗೆ ಅವಕಾಶ ಕೊಡಬಾರದು. ಪರದೆಯ ಮೇಲೆ ಚಿತ್ರ ಹಿಗ್ಗಿಸಿ ತೋರಿಸುವುದು, ಪಟ್ಟಿಯಲ್ಲಿ ಕಾಣುವ ಪುಟ್ಟ ಚಿತ್ರ ತಯಾರಿಸುವುದು ಇಂಥ ಕಡೆ ಮೂಲ ದತ್ತಾಂಶ ಮುಟ್ಟದೆ ಬಳಸಿದರೆ ಅಪಾಯ ಕಡಿಮೆ.

ಚುಟುಕು ಪ್ರಶ್ನೆಗಳು

ಪಿಎಸ್‌ಎನ್‌ಆರ್ ಎಷ್ಟಿದ್ದರೆ ಸಾಕು? (ತುಮಕೂರು)
8 ಬಿಟ್ ಚಿತ್ರದಲ್ಲಿ 30 ಡೆಸಿಬೆಲ್ ಎಂದರೆ ತಪ್ಪು ಸುಮಾರು 8 ಮಟ್ಟ, 40 ಎಂದರೆ ಸುಮಾರು ಎರಡೂವರೆ. ಜೊತೆಗೆ ರಚನೆಯ ಹೋಲಿಕೆ ಅಳೆಯುವ ಎಸ್‌ಎಸ್‌ಐಎಂ ಕೂಡ ನೋಡಿ. 2004ರಿಂದ ಎಲ್ಲರೂ ಬಳಸುವ ಅಳತೆ ಅದು. ಎರಡೂ ಚೆನ್ನಾಗಿದ್ದರೂ ಆಕಾಶ, ಗೋಡೆ, ಮುಖ ಇವನ್ನು ಹಿಗ್ಗಿಸಿ ಕಣ್ಣಾರೆ ನೋಡುವುದನ್ನು ಬಿಡಬೇಡಿ.

ಲೆನಾ ಚಿತ್ರವನ್ನೇ ಬಳಸಬೇಕೇ? (ಬಳ್ಳಾರಿ)
ಬೇಡ. ಐಇಇಇ ಕಂಪ್ಯೂಟರ್ ಸೊಸೈಟಿ 2024ರ ಏಪ್ರಿಲ್‌ನಿಂದ ಆ ಚಿತ್ರವಿರುವ ಪ್ರಬಂಧಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದೆ. ನಿಮ್ಮ ಬಳಕೆಗೆ ಹೊಂದುವ ಚಿತ್ರಗಳನ್ನು ಆರಿಸಿ, ಅದರಲ್ಲಿ ಸಪಾಟು ಆಕಾಶವೂ ರಾತ್ರಿಯ ಚಿತ್ರವೂ ಇರಲಿ.

ಪ್ರತಿಯೊಂದನ್ನೂ ನಾವೇ ವಿನ್ಯಾಸ ಮಾಡಬೇಕೇ? (ಮಂಗಳೂರು)
ಬೇಕಿಲ್ಲ. ಜೆಕ್ ದೇಶದ ಬ್ರನೊ ತಾಂತ್ರಿಕ ವಿಶ್ವವಿದ್ಯಾಲಯದವರು 2017ರಲ್ಲಿ ಇವೊಅಪ್ರಾಕ್ಸ್ ಎಂಬ ಸಂಗ್ರಹ ಬಿಡುಗಡೆ ಮಾಡಿದರು. ಮೊದಲ ಕಂತಿನಲ್ಲೇ 8 ಬಿಟ್ಟಿನ 430 ಆ್ಯಡರ್, 471 ಮಲ್ಟಿಪ್ಲೈಯರ್ ಇದ್ದವು, ಪ್ರತಿಯೊಂದರ ತಪ್ಪಿನ ಲೆಕ್ಕದ ಸಮೇತ.

ಪ್ರಶ್ನೆ: ಈ ವಿಷಯದಲ್ಲೇ ಪ್ರಾಜೆಕ್ಟ್ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಮಲ್ಟಿಪ್ಲೈಯರಿನ ಒಳಗೆ ಬಿಟ್ಟುಗಳನ್ನು ಕೂಡಿ ಸಾಲು ಕಡಿಮೆ ಮಾಡುವ ಹೊಸ ಕಂಪ್ರೆಸರ್ ಒಂದನ್ನು ಯೋಚಿಸಿದ್ದೇವೆ.
— ವಿದ್ಯಾರ್ಥಿ ತಂಡ, ಬೆಳಗಾವಿ

ಉತ್ತರ: ಕಂಪ್ರೆಸರ್ ಪಕ್ಕಕ್ಕಿಡಿ. ಮೊದಲು ಒಂದು ಕೆಲಸ ಆರಿಸಿ. ಬಣ್ಣದ ಚಿತ್ರವನ್ನು ಬೂದುಬಣ್ಣಕ್ಕೆ ತರುವುದನ್ನೇ ತೆಗೆದುಕೊಳ್ಳಿ. ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಎಂಬುದು ನಿಯಮ. ಇದನ್ನು 77, 150, 29 ಎಂದು ಪೂರ್ಣಾಂಕ ಮಾಡಿ. ಒಟ್ಟು ಸರಿಯಾಗಿ 256 ಆಗುವುದರಿಂದ ಭಾಗಾಕಾರವೂ ಬಿಟ್ಟು ಸರಿಸುವುದರಲ್ಲೇ ಮುಗಿಯುತ್ತದೆ. ಇನ್ನೂ ಒರಟು ಬೇಕೆಂದರೆ ಕೆಂಪು ಒಂದು ಪಾಲು, ಹಸಿರು ಎರಡು, ನೀಲಿ ಒಂದು, ನಾಲ್ಕರಿಂದ ಭಾಗಿಸಿ. ಈ ಪ್ರತಿಯೊಂದು ಹಂತದ ವಿದ್ಯುತ್ತನ್ನೂ ತಪ್ಪನ್ನೂ ಅಳೆದು ಗೆರೆ ಎಳೆಯಿರಿ. ಬಿಟ್ಟು ಕತ್ತರಿಸುವುದರಿಂದಷ್ಟೇ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಆ ಗೆರೆ ಹೇಳುತ್ತದೆ.

ನಿಮ್ಮ ಹೊಸ ಕಂಪ್ರೆಸರ್ ಸೋಲಿಸಬೇಕಾದದ್ದು ಆ ಗೆರೆಯನ್ನು. ಪೂರ್ತಿ ನಿಖರವಾದ ಸರ್ಕ್ಯೂಟನ್ನು ಸೋಲಿಸುವುದು ಸುಲಭ, ಎಲ್ಲರೂ ಸೋಲಿಸಿದ್ದಾರೆ. 2017ರಲ್ಲಿ ಫ್ರಾನ್ಸಿನ ಬಾರ್ವಾ, ಸಾಂತಿಯೈ, ಮೆನಾರ್ ಎಂಬ ಮೂವರು ಅಂದಾಜು ಆ್ಯಡರ್, ಮಲ್ಟಿಪ್ಲೈಯರುಗಳನ್ನು ಎಚ್ಚರಿಕೆಯಿಂದ ಬಿಟ್ಟು ಕತ್ತರಿಸಿದ ಮಾಮೂಲಿ ಸರ್ಕ್ಯೂಟುಗಳ ಎದುರು ನಿಲ್ಲಿಸಿದಾಗ ಮಾಮೂಲಿಯೇ ಬಹಳಷ್ಟು ಕಡೆ ಗೆದ್ದಿತು. ಕಾರಣ ಸರಳ: ಬಿಟ್ಟು ಕತ್ತರಿಸಿದರೆ ತಂತಿ, ರಿಜಿಸ್ಟರ್, ಮೆಮೊರಿ ಎಲ್ಲವೂ ಕಿರಿದಾಗುತ್ತವೆ. ಅಂದಾಜು ಗೇಟು ಕೊಡುವ ತಪ್ಪು ಬಿಟ್ಟನ್ನೂ ಪೂರ್ತಿ ಅಗಲದ ತಂತಿಯಲ್ಲೇ ಹೊತ್ತು ಸಾಗಿಸಬೇಕು.

ನಿಮ್ಮ ಕಂಪ್ರೆಸರ್ ಆ ಗೆರೆಯ ಕೆಳಗೆ ಬಂದರೆ ಪ್ರಬಂಧ ಬರೆಯಿರಿ. ಬರದಿದ್ದರೆ ಆ ಗೆರೆಯನ್ನೇ ವರದಿಯಾಗಿ ಕೊಡಿ, ಪರೀಕ್ಷಕರು ಒಪ್ಪುತ್ತಾರೆ. ಮುಂದಿನ ತಂಡ ಯಾವುದರ ಎದುರು ತೂಗಿ ನೋಡಬೇಕು ಎಂಬುದಾದರೂ ಅದರಿಂದ ತಿಳಿಯುತ್ತದೆ.